ಹಾಲಕ್ಕಿ ಕೂಗಿದ ಕಣ

ಕೊಡಗಿನ ಸಿದ್ದಾಪುರದಿಂದ ಮೂರು ಮೈಲಿ ಒಳಗಿದ್ದ ಆನೆಬಾಣೆ ತೋಟದಲ್ಲಿ ಕಾಫಿ ಒಣಗಿದೆಯೋ ಇಲ್ಲವೋ ಎಂದು ಹೇಳುವ ಅಧಿಕಾರ ಒಬ್ಬಳಿಗೇ ಇತ್ತು. ಅವಳ ಹೆಸರು ದೊಡ್ಡಿ. ಕಣದಿಂದ ಒಂದು ಹಿಡಿ ಕಾಫಿ ಎತ್ತಿ ಕಿವಿಯ ಹತ್ತಿರ ಕುಲುಕುತ್ತಿದ್ದಳು. ಒಣಸಿಪ್ಪೆಯೊಳಗೆ ಬೀಜ ಗಿಲಿಗಿಲಿ ಅನ್ನಬೇಕು. ಆಮೇಲೆ ಒಂದು ಬೀಜವನ್ನು ಹಲ್ಲಿಗೆ ಕೊಡುತ್ತಿದ್ದಳು. ಕಚ್ಚಿದ ಗುರುತು ಬೀಳಬಾರದು. ಎರಡೂ ಸರಿಯಾದರೆ "ಆಯ್ತು" ಅನ್ನುತ್ತಿದ್ದಳು. ಆ ಒಂದು ಮಾತಿನ ಮೇಲೆ ಮೂಟೆ ಕಟ್ಟುತ್ತಿದ್ದರು, ಗಾಡಿ ಹೂಡುತ್ತಿದ್ದರು. ಹದಿನಾರು ವರ್ಷದಲ್ಲಿ ಅವಳು ಆಯ್ತು ಅಂದ ಕಾಫಿ ಬೂಸ್ಟು ಹಿಡಿದು ಹಿಂದಕ್ಕೆ ಬಂದದ್ದಿಲ್ಲ.

ಅಂಥವಳನ್ನು ೧೯೫೪ರ ಫೆಬ್ರವರಿಯ ಒಂದು ಇಳಿಹೊತ್ತಿನಲ್ಲಿ, ಕಣದ ತುಂಬ ಹೆಂಗಸರಿರುವಾಗ, ಹೊಸ ಮ್ಯಾನೇಜರು ಸುಳ್ಳಿ ಎಂದ.

ದೊಡ್ಡಿ ಹುಟ್ಟಿದ್ದು ಹೊಳೆಯಾಚೆ, ಮೈಸೂರು ಸೀಮೆಯ ಪಿರಿಯಾಪಟ್ಟಣದ ಕಡೆ. ಹೆಸರು ದೊಡ್ಡಿಯಾದರೂ ಆಳು ಕುಳ್ಳಿ. ಗಿಡಗಳ ಸಾಲಿನೊಳಗೆ ಹೊಕ್ಕರೆ ತಲೆಯ ಸೆರಗೂ ಕಾಣುತ್ತಿರಲಿಲ್ಲ. ಮದುವೆಯಾದ ವರ್ಷವೇ ಗಂಡ ಚಿನ್ನನ ಜೊತೆ ಕುಶಾಲನಗರದ ಸೇತುವೆ ದಾಟಿ ಬಂದಳು. ಚಿನ್ನ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯಲ್ಲಿ ಕೆಲಸಕ್ಕೆ ನಿಂತ, ಇವಳು ಹಣ್ಣು ಕುಯ್ಯಲು ನಿಂತಳು. ಏಳನೆಯ ಮಳೆಗಾಲದಲ್ಲಿ ಚಳಿಜ್ವರ ಚಿನ್ನನನ್ನು ನಾಲ್ಕೇ ದಿನದಲ್ಲಿ ಮುಗಿಸಿತು. ಮಡಿಲಲ್ಲಿ ಮೂರು ವರ್ಷದ ಮಗಳು. ತೌರಿಗೆ ಹೋಗೆಂದು ಎಲ್ಲರೂ ಹೇಳಿದರು. ದೊಡ್ಡಿ ಹೋಗಲಿಲ್ಲ. ಆಗಿನ ಬಿಳಿ ದೊರೆಯ ಬಂಗಲೆಯ ಮುಂದೆ ನಿಂತು ತನಗೆ ಕಣದ ಕೆಲಸ ಕೊಡಿ ಅಂದಳು. ಯಾಕೆ ಎಂದು ಆತ ಕೇಳಿದ.

"ಗಿಡದಾಗೆ ಇರೋವಾಗ ಕಾಫೀನ ಎಲ್ರೂ ನೋಡ್ತಾರೆ ದೊರೆ. ಕೆಡೋದೆಲ್ಲ ಕಣದಾಗೆ. ಅಲ್ಲಿ ನೋಡೋರೇ ಇಲ್ಲ."

ಆತ ನಕ್ಕು ಕೊಟ್ಟ. ಎರಡು ಸುಗ್ಗಿ ಕಳೆಯುವಷ್ಟರಲ್ಲಿ ಕಣ ಅವಳದಾಯಿತು. ಎಷ್ಟು ತೆಳ್ಳಗೆ ಹರಡಬೇಕು, ಯಾವ ಹೊತ್ತಿಗೆ ಗೋರೆಯಿಂದ ಕೆದಕಬೇಕು, ಸಂಜೆ ಎಷ್ಟು ಗಂಟೆಗೆ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಬೇಕು ಎಲ್ಲ ಅವಳ ಮಾತೇ. ಅವಳ ಗಂಟಲೂ ಹಾಗೇ ಇತ್ತು. "ಮೋಡಾ!" ಎಂದು ಅವಳು ಒಮ್ಮೆ ಕೂಗಿದರೆ ಕೂಲಿಯವರ ಸಾಲುಮನೆಗಳಾದ ಲೈನಿನಲ್ಲಿದ್ದವರೂ ಓಡಿಬರುತ್ತಿದ್ದರು.

ಮಾತು ಅವಳಿಗೆ ಆಟದ ವಸ್ತುವಾಗಿರಲಿಲ್ಲ. ಕೊಡಗು ರಾಜ್ಯದ ಮೊದಲ ಎಲೆಕ್ಷನ್ನಿಗೆ ಪಟ್ಟಿ ಬರೆಯಲು ಬಂದವರು ಲೈನಿನ ಹೆಂಗಸರನ್ನೆಲ್ಲ ಇಂಥವನ ಹೆಂಡತಿ, ಇಂಥವನ ತಾಯಿ ಎಂದೇ ಬರೆದುಕೊಂಡು ಹೋಗುತ್ತಿದ್ದರು. ದೊಡ್ಡಿಯ ಬಾಗಿಲಲ್ಲಿ "ಚಿನ್ನನ ಹೆಂಡತಿ" ಎಂದು ಬರೆದಾಗ ಅವಳು ಬರೆಯುವವನ ಕೈ ಹಿಡಿದುಕೊಂಡಳು. "ಚಿನ್ನ ಸತ್ತು ಹದಿನಾಕು ವರ್ಸ ಆಯ್ತು. ಓಟು ಹಾಕಕ್ಕೆ ಅವ್ನು ಎದ್ದು ಬತ್ತಾನಾ? ದೊಡ್ಡಿ ಅಂತ ಬರ್ಕೊಳಿ." ಬರೆಸಿಯೇ ಬಿಟ್ಟಳು.

ಕಣದ ಮೂಡಣ ಅಂಚಿಗೆ ಒಂದು ಹಳೆಯ ಅತ್ತಿಮರವಿತ್ತು. ಅದರ ಪೊಟರೆಯಲ್ಲಿ ಒಂದು ಜೋಡಿ ಹಾಲಕ್ಕಿ. ಊರೊಳಗೆ ಕಾಣುವ ಚುಕ್ಕೆಯ ಹಾಲಕ್ಕಿಯಲ್ಲ, ತೋಟದ್ದು. ಮೈತುಂಬ ಕಂದು ಅಡ್ಡಪಟ್ಟೆ, ಕುತ್ತಿಗೆಯೇ ಇಲ್ಲದ ದುಂಡು ತಲೆ, ಹಳದಿ ಕಣ್ಣು. ಮುಷ್ಟಿಯೊಳಗೆ ಅಡಗುವಷ್ಟು ಗೂಬೆ. ಆದರೆ ಬಾಯಿ ತೆರೆದರೆ ಬೇರೆಯೇ ಲೆಕ್ಕ. ಮೊದಲು ಕ್ರೂ... ಕ್ರೂ... ಎಂದು ಬಿಟ್ಟು ಬಿಟ್ಟು ಶುರುಮಾಡುತ್ತದೆ, ಹೋಗುತ್ತ ಹೋಗುತ್ತ ಬಿರುಸಾಗುತ್ತದೆ, ಕೊನೆಗೆ ಯಾರೋ ಎರಡು ಬೆರಳು ಬಾಯಿಗಿಟ್ಟು ಬಿಡದೆ ಸಿಳ್ಳು ಹೊಡೆದಂತೆ ಗುಡ್ಡದ ಆಚೆಯವರೆಗೂ ಹೋಗುತ್ತದೆ. ದೊಡ್ಡ ಗೂಬೆಗಳ ಹಾಗೆ ಇದು ಕತ್ತಲಿಗಾಗಿ ಕಾಯುವುದಿಲ್ಲ. ಬಿಸಿಲು ಇಳಿಯುತ್ತಿದ್ದಂತೆ ಕೂಗುತ್ತದೆ, ಮೋಡ ಕವಿದ ದಿನ ನಡುಹಗಲಲ್ಲೂ ಕೂಗುತ್ತದೆ.

ಹಾಲಕ್ಕಿ ಕೂಗುವ ಗಳಿಗೆಯಲ್ಲಿ ಬಾಯಲ್ಲಿದ್ದ ಮಾತು ಫಲಿಸುತ್ತದೆ ಎಂದು ಆ ಲೈನಿನವರ ನಂಬಿಕೆ. ಒಳ್ಳೆಯ ಮಾತನ್ನೇ ಆಡಿದರಾಯಿತಲ್ಲ ಎನ್ನಬಹುದು. ಆದರೆ ಬಿಸಿಲಲ್ಲಿ ಬೆನ್ನು ಬಗ್ಗಿಸಿ ಕಾಫಿ ಗೋರುವ ಹೆಂಗಸರ ಬಾಯಲ್ಲಿ ಆ ಗಳಿಗೆಗೆ ಏನಿರುತ್ತದೆ ಎಂದು ಹೇಳಲಾಗದು. ಗಂಡನಿಗೆ ಬೈಗುಳವೂ ಇರಬಹುದು, ಅತ್ತೆಗೆ ಶಾಪವೂ ಇರಬಹುದು. ಅದಕ್ಕೇ ಅದು ಕೂಗಿದೊಡನೆ ಎಲ್ಲರೂ ಬಾಯಿ ಮುಚ್ಚಿ, ಕೈ ನಿಲ್ಲಿಸಿ, ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಕೂಗು ನಿಂತ ಮೇಲೆ ಮತ್ತೆ ಕೆಲಸ. ಇನ್ನೂ ಒಂದು ಕಟ್ಟಳೆಯಿತ್ತು: ಕಣದಲ್ಲಿ ಕಾಫಿ ಇರುವಷ್ಟು ದಿನ ಆ ಹಕ್ಕಿಯ ಹೆಸರೆತ್ತಬಾರದು, ಅದರ ದನಿ ಕೇಳಿಸಿತು ಎಂದೂ ಹೇಳಬಾರದು. ಕೇಳಿಸಿತು ಅಂದರೆ ಶಕುನವನ್ನು ಒಪ್ಪಿಕೊಂಡ ಹಾಗೆ. ದೊಡ್ಡಿಯೂ ಇದನ್ನು ನಡೆಸಿಕೊಂಡು ಬಂದವಳೇ. ಬಿಳಿ ದೊರೆಗೆ ಈ ವಿಷಯ ಗೊತ್ತಿತ್ತೋ ಇಲ್ಲವೋ, ಆತ ಯಾವತ್ತೂ ಕೇಳಿದವನಲ್ಲ.

ಆತ ತೋಟ ಮಾರಿ ಹಡಗು ಹತ್ತಿದ. ಕೊಂಡ ಕಂಪನಿಯವರು ಮದರಾಸಿನ ತಮ್ಮ ಆಫೀಸಿನಲ್ಲಿದ್ದ ವರದರಾಜನ್ ಎಂಬುವನನ್ನು ಮ್ಯಾನೇಜರಾಗಿ ಕಳಿಸಿದರು. ಮೂವತ್ತೈದರ ಆಸುಪಾಸು, ಬಿಳಿ ಪ್ಯಾಂಟು, ಕೈಯಲ್ಲಿ ಬೆತ್ತ. ಕೆಲಸಗಾರ ಮನುಷ್ಯ, ಕನ್ನಡವನ್ನೂ ಬೇಗ ಬೇಗ ಕಲಿಯುತ್ತಿದ್ದ. ಕಣಕ್ಕೆ ಬರಲು ಅವನು ಗೊತ್ತು ಮಾಡಿಕೊಂಡ ಹೊತ್ತು ಸಂಜೆ ನಾಲ್ಕೂವರೆ. ಹಾಲಕ್ಕಿಯೂ ಅದೇ ಹೊತ್ತನ್ನು ಗೊತ್ತು ಮಾಡಿಕೊಂಡಿತ್ತು.

ನಾಲ್ಕು ದಿನ ಅವನು ಒಂದೇ ನೋಟ ನೋಡಿದ. ತಾನು ಆಫೀಸಿನ ಮೆಟ್ಟಿಲಿಳಿದು ತಿರುವಿಗೆ ಬಂದೊಡನೆ ಎಲ್ಲಿಂದಲೋ ಒಂದು ಸಿಳ್ಳು. ಅದುವರೆಗೆ ಕಿಚಿಪಿಚಿ ಎನ್ನುತ್ತಿದ್ದ ಕಣ ಮೂಕ. ತಾನು ಹತ್ತಿರ ಬರುವಾಗ ಹೆಂಗಸರೆಲ್ಲ ತಲೆ ತಗ್ಗಿಸಿ, ಗೋರೆ ಹಿಡಿದು, ಗೊಂಬೆಗಳ ಹಾಗೆ ನಿಂತಿದ್ದಾರೆ. ತಾನು ಬರುವುದನ್ನು ಯಾರೋ ಸಿಳ್ಳು ಹಾಕಿ ತಿಳಿಸುತ್ತಿದ್ದಾರೆ ಎಂದುಕೊಂಡು, ಐದನೆಯ ದಿನ ಅವನು ತೋಟದ ಲೆಕ್ಕ ಬರೆಯುವ ರೈಟರ್ ನಾಣಯ್ಯನನ್ನು ಜೊತೆಗೆ ಕರೆದುಕೊಂಡು ಬಂದ. ಹಕ್ಕಿ ಕೂಗಿತು, ಕಣ ನಿಂತಿತು.

"ಯಾರು ವಿಸಿಲ್ ಹಾಕಿದ್ದು?"

ಅವನು ಮುಂದಿನ ಸಾಲಿನಲ್ಲಿದ್ದ ಜವರಿಯ ಕಡೆ ಬೆತ್ತ ತೋರಿಸಿದ. ಜವರಿ ದೊಡ್ಡಿಯ ಪಕ್ಕದ ಮನೆಯವಳು, ಹತ್ತು ವರ್ಷದಿಂದ ಕಣದಲ್ಲಿ ಅವಳ ಜೊತೆಗಾತಿ.

"ನೀನು ಹೇಳು. ಅದು ಎಂಥ ಸದ್ದು?"

"ಯಾವ್ ಸದ್ದು ದೊರೆ? ನಂಗೇನೂ ಕೇಳ್ಳಿಲ್ವಲ್ಲ."

ಪಕ್ಕದವಳಿಗೂ ಕೇಳಿರಲಿಲ್ಲ. ಅವಳ ಪಕ್ಕದವಳಿಗೂ ಇಲ್ಲ. ಗುಡ್ಡಕ್ಕೆಲ್ಲ ಕೇಳಿಸಿದ್ದು ಇಪ್ಪತ್ತು ಹೆಂಗಸರಲ್ಲಿ ಒಬ್ಬಳಿಗೂ ಕೇಳಿಸಿರಲಿಲ್ಲ. ಮ್ಯಾನೇಜರ ಕಿವಿ ಕೆಂಪಾಯಿತು. ಕೊನೆಗೆ ಅವನು ದೊಡ್ಡಿಯ ಮುಂದೆ ನಿಂತ. ಕಣದಲ್ಲಿ ಕಾಫಿ ಇತ್ತು, ಹೆಸರೆತ್ತಬಾರದು. ಆದರೆ ಕಣದ ಯಜಮಾನಿಕೆ ತನ್ನದು. ಕೇಳಿದ್ದಕ್ಕೆ ಇದ್ದದ್ದನ್ನು ಹೇಳುವುದು ಅವಳ ಕೆಲಸ. ಹೇಳಿದಳು.

"ಅದು ಹಾಲಕ್ಕಿ ದೊರೆ. ಗೂಬೆ ಜಾತೀದು. ಆ ಅತ್ತಿಮರದ ಪೊಟರೇಲಿ ಅದೆ."

ಹಿಂದಿನಿಂದ ಜವರಿ ಉಸಿರೆಳೆದುಕೊಂಡದ್ದು ಕೇಳಿಸಿತು.

"ಗೂಬೆ? ಹಗಲಲ್ಲಿ? ಎಷ್ಟು ದೊಡ್ಡದು?"

ದೊಡ್ಡಿ ಮುಷ್ಟಿ ಕಟ್ಟಿ ಮುಂದೆ ಹಿಡಿದಳು. "ಇಷ್ಟು."

ಅವನು ಆ ಮುಷ್ಟಿಯನ್ನು ನೋಡಿದ, ಮರವನ್ನು ನೋಡಿದ, ನಕ್ಕ. "ಆ ಸದ್ದು ನನ್ನ ಆಫೀಸಿನ ಒಳಗೆ ಬರ್ತದೆ. ಇಷ್ಟು ಸಣ್ಣ ಪಕ್ಷಿ ಮಾಡ್ತದೆ. ಇವರು ಯಾರಿಗೂ ಕೇಳಲ್ಲ, ನಿನಗೆ ಮಾತ್ರ ಗೊತ್ತು." ನಾಣಯ್ಯನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಕೇಳಿದ. ನಾಣಯ್ಯ ನೆಲ ನೋಡಿದ. ಮತ್ತೆ ಕೇಳಿದ. ನಾಣಯ್ಯ ತುಟಿಯಲ್ಲೇ ಒಂದು ಪದ ಹೇಳಿದ. ಮ್ಯಾನೇಜರು ಅದನ್ನು ದೊಡ್ಡಿಯ ಮುಖಕ್ಕೆ ಒಪ್ಪಿಸಿದ.

"ಸುಳ್ಳಿ. ನೀನು ಸುಳ್ಳಿ."

ಹೊಸ ಪದ ಕಲಿತವನ ಹಾಗೆ ಒತ್ತಿ ಹೇಳಿದ, ಎರಡು ಸಲ. ಸಿಳ್ಳು ಹಾಕುವವರು ಯಾರೆಂದು ತಿಂಗಳು ಮುಗಿಯುವುದರೊಳಗೆ ಹೇಳದಿದ್ದರೆ ಇಡೀ ಗುಂಪನ್ನು ಕಣದಿಂದ ತೆಗೆದು ಬೇರೆಯವರನ್ನು ಹಾಕುವುದಾಗಿ ನಾಣಯ್ಯನ ಬಾಯಲ್ಲಿ ಹೇಳಿಸಿ ಹೊರಟುಹೋದ. ದೊಡ್ಡಿಯ ಮುಷ್ಟಿ ಇನ್ನೂ ಮುಂದಕ್ಕೇ ಇತ್ತು. ಅದನ್ನು ಬಿಚ್ಚಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಬೈಗುಳ ಅವಳಿಗೆ ಹೊಸದಲ್ಲ. ಬಿಳಿ ದೊರೆಯೂ ಬೈಯುತ್ತಿದ್ದ, ಮೇಸ್ತ್ರಿಗಳು ಬೈಯುವುದನ್ನಂತೂ ಕೇಳುವುದೇ ಬೇಡ. ಸೋಮಾರಿ ಅಂದಿದ್ದರೆ ತಿರುಗಿ ಬೈದು ಮರೆಯುತ್ತಿದ್ದಳು. ಆದರೆ ಕಣದ ಹೆಂಗಸಿಗೆ ಇರುವ ಆಸ್ತಿ ಅವಳ ಮಾತೊಂದೇ. ಸುಳ್ಳಿ ಹೇಳಿದ "ಆಯ್ತು" ಯಾವ ಕಾಫಿಯನ್ನು ಒಣಗಿಸೀತು?

ಮಾರನೆಯ ದಿನವೇ ಅದು ಗೊತ್ತಾಯಿತು. ಪಲ್ಪರ್ ಮನೆಯ ಸುಬ್ಬ ಒಂದು ಮಣೆ ಹಾಕಿಕೊಂಡು ಕಣದ ತುದಿಯಲ್ಲಿ ಕುಳಿತಿದ್ದ. ದೊಡ್ಡಿ ಆಯ್ತು ಅಂದ ಗುಡ್ಡೆಯನ್ನು ಇನ್ನು ಮೇಲೆ ಅವನು ಇನ್ನೊಮ್ಮೆ ಕಚ್ಚಿ ನೋಡಬೇಕಂತೆ, ಮ್ಯಾನೇಜರ ಅಪ್ಪಣೆ. ಸುಬ್ಬನಿಗೆ ಮುಂದಿನ ಹಲ್ಲೇ ಇರಲಿಲ್ಲ. ದವಡೆಗೆ ತಳ್ಳಿಕೊಂಡು ಕಚ್ಚುತ್ತಿದ್ದ, ಕಚ್ಚಿ ಅವಳ ಮುಖ ನೋಡುತ್ತಿದ್ದ.

"ನನ್ನನ್ಯಾಕೆ ನೋಡ್ತೀಯೋ? ಹೇಳು, ಒಣಗ್ಯದೋ ಇಲ್ವೋ?"

"ನೀನ್ ಹೇಳ್ದಂಗೇ ದೊಡ್ಡಕ್ಕ," ಎಂದು ಸುಬ್ಬ ಬೆವರೊರೆಸಿಕೊಂಡ. "ನಂಗೇನ್ ಗೊತ್ತಾಯ್ತದೆ? ಕೂತ್ಕೋ ಅಂದ್ರು, ಕೂತಿವ್ನಿ."

ಗಾಡಿಯವರು ಬಿಟ್ಟಾರೆಯೇ? ಮೂಟೆ ಹೇರುವಾಗ ಒಬ್ಬ ಕೂಗಿದ: "ಏನ್ ದೊಡ್ಡಕ್ಕ, ಇವತ್ತಿನದು ಒಣಗ್ಯದಾ? ಇಲ್ಲಾ ಸುಬ್ಬಣ್ಣನ ಒಸಡನ್ನ ಕೇಳ್ಬೇಕಾ?" ಇನ್ನೊಬ್ಬ ನಕ್ಕ. ದೊಡ್ಡಿ ಗೋರೆ ಎತ್ತಿಕೊಂಡು ಗಾಡಿಯವರೆಗೂ ನಡೆದಳು. ಅವನು ಎತ್ತಿನ ಆ ಬದಿಗೆ ಹೋಗಿ ನಿಂತ. ಹೊಡೆಯದೆ ಹಿಂದಿರುಗಿದಳು. ಇದೇ ಗಾಡಿಯವನ ಅಪ್ಪ ತನ್ನ ಮಾತಿನ ಮೇಲೆ ಮೂರು ಸುಗ್ಗಿ ಕಣ್ಣು ಮುಚ್ಚಿಕೊಂಡು ಗಾಡಿ ಹೊಡೆದಿದ್ದ.

ಅವಳ ಸಿಟ್ಟು ಮ್ಯಾನೇಜರ ಮೇಲೆ ಮಾತ್ರ ಇದ್ದಿದ್ದರೆ ಸುಲಭವಾಗುತ್ತಿತ್ತು. ಅದು ನೇರವಾಗಿ ಜವರಿಯ ಬಾಗಿಲಿಗೆ ಹೋಯಿತು. ಜವರಿ ಒಲೆಯ ಮುಂದೆ ಕುಳಿತಿದ್ದಳು. ಮೂಲೆಯಲ್ಲಿ ಅವಳ ಸೊಸೆ ಕಮಲ, ದಿನ ತುಂಬಿದ ಬಸುರಿ, ಚಾಪೆಯ ಮೇಲೆ ಒರಗಿದ್ದಳು.

"ಹತ್ತು ವರ್ಸ ನನ್ ಪಕ್ಕ ನಿಂತ್ಕೊಂಡು ಗೋರೀಯೆ. ಕೇಳ್ಳಿಲ್ಲ ಅಂದ್ಯಲ್ಲ ಜವರಿ? ನಿನ್ನ ಕಿವಿಗೇನ್ ಹುಳ ಬಿದ್ದಿತ್ತಾ?"

"ಮೆಲ್ಲಗೆ ಮಾತಾಡಕ್ಕ."

"ಯಾಕ್ ಮೆಲ್ಲಗೆ? ನಾನೊಬ್ಳು ನಿಜ ಹೇಳಿ ಸುಳ್ಳಿ ಆದೆ. ನೀವ್ ಇಪ್ಪತ್ ಜನ ಸುಳ್ಳು ಹೇಳಿ ಗರತೀರಾದ್ರಿ."

ಜವರಿ ಕಣ್ಣಲ್ಲೇ ಸೊಸೆಯ ಕಡೆ ತೋರಿಸಿದಳು. "ಇವಳು ಹಿಂಗ್ ಮಲಗಿರೋವಾಗ ನಾನು ಅದ್ರ ಹೆಸರೆತ್ಲಾ? ಮೊದಲ್ನೇದು ಹೋಗಿದ್ದು ನಿಂಗ್ ಗೊತ್ತಿಲ್ವಾ? ನೀನೇ ಹೊಕ್ಕಳು ಕೊಯ್ದೋಳು. ನಿನ್ ಮಾನ ಹೋಯ್ತು ಅಂತೀಯ. ನಂದು ಕೂಸು ಹೋದ್ರೆ?"

ದೊಡ್ಡಿಗೆ ಉತ್ತರ ಇತ್ತು. ಕಮಲಳ ಮುಖ ನೋಡಿ ನುಂಗಿಕೊಂಡಳು. ನುಂಗಿದ ಸಿಟ್ಟು ಕರಗಲಿಲ್ಲ. ಮನೆಗೆ ಬಂದು ಸ್ವಚ್ಛವಾಗಿದ್ದ ಪಾತ್ರೆಗಳನ್ನೇ ಮತ್ತೆ ಬೂದಿ ಹಾಕಿ ತಿಕ್ಕಿದಳು.

ಮರ ಕಪಾತಿನ ಕುಟ್ಟಪ್ಪ ಅವಳ ಪರ ನಿಂತ ಒಬ್ಬನೇ ಗಂಡಸು. ನೆರಳುಮರಗಳ ಕೊಂಬೆ ಕಡಿಯಲು ದಿನವಿಡೀ ಮರದ ಮೇಲೆಯೇ ಇರುವವನು. ಯಾವ ಪೊಟರೆಯಲ್ಲಿ ಯಾವ ಹಕ್ಕಿ ಎಂದು ಅವನಿಗೆ ಗೊತ್ತು, ಹೆಸರೆತ್ತುವ ಭಯವೂ ಇಲ್ಲ. "ಹಿಡಿದು ತಂದು ದೊರೆ ಮೇಜಿನ ಮೇಲೆ ಇಡ್ತೇನೆ ಅಕ್ಕ. ಕಣ್ಣಾರೆ ನೋಡ್ಲಿ," ಅಂದ. ಮಧ್ಯಾಹ್ನ ಅತ್ತಿಮರ ಹತ್ತಿ, ಪೊಟರೆಗೆ ಬಟ್ಟೆ ಸುತ್ತಿದ ಕೈ ಹಾಕಿ ಒಂದನ್ನು ಹಿಡಿದೂಬಿಟ್ಟ. ಇಬ್ಬರೂ ಆಫೀಸಿಗೆ ಹೋದರು.

ಬಟ್ಟೆ ಬಿಚ್ಚಿದಾಗ ಹಾಲಕ್ಕಿ ಮ್ಯಾನೇಜರನ್ನೇ ದುರುಗುಟ್ಟಿ ನೋಡಿತು. ಕೊಕ್ಕನ್ನು ಟಕ್ ಟಕ್ ಎಂದು ಬಡಿಯಿತು. ಅಷ್ಟೇ. ಕೂಗಲಿಲ್ಲ. ಕುಟ್ಟಪ್ಪ ಬೆನ್ನು ಸವರಿದ, ಕಿಟಕಿಯ ಬೆಳಕಿಗೆ ಹಿಡಿದ. ಹಿಡಿದ ಕೈಯೊಳಗೆ ಯಾವ ಹಕ್ಕಿ ಹಾಡೀತು?

"ಬಹಳ ಚೆನ್ನಾಗಿದೆ," ಎಂದ ಮ್ಯಾನೇಜರು. "ಇದಾ ವಿಸಿಲ್? ಇಲಿಗಿಂತ ಸ್ವಲ್ಪ ದೊಡ್ಡದು. ಹೋಗಿ, ಹೋಗಿ."

ಹೊರಗೆ ಬಂದು ಕುಟ್ಟಪ್ಪ ಅದನ್ನು ಮರಕ್ಕೆ ಬಿಟ್ಟ. "ಥೇಟ್ ನಿನ್ನ ಹಾಗೇ ಅಕ್ಕ ಇದು. ಮೈ ಹಿಡಿಯಷ್ಟು, ಗಂಟಲು ತೋಟದಷ್ಟು. ಬೇಕಾದಾಗ ಮಾತ್ರ ಬಾಯಿ ಕಟ್ಟಿಹೋಯ್ತು ನೋಡು."

"ನಂದು ಕಟ್ಟಿಲ್ಲ," ಅಂದಳು ದೊಡ್ಡಿ.

"ಹಾಗಾದ್ರೆ ಒಂದು ಕೆಲಸ ಮಾಡು. ಅದರ ಥರ ನೀನೇ ಸಿಳ್ಳು ಹಾಕು, ಅದು ಸುಮ್ಮನಿರೋದಿಲ್ಲ. ಇನ್ನೊಂದು ಬಂತು ಅಂತ ಜಗಳಕ್ಕೆ ಬರ್ತದೆ. ದೊರೆ ಎದುರೇ ಹಾಕು."

"ಹಾಕಿದ್ರೆ? ಸಿಳ್ಳು ಹಾಕೋಳು ಇವಳೇ ಅಂತ ಅಲ್ಲೇ ಹಿಡ್ಕೊಳ್ತಾನೆ. ಹಕ್ಕಿ ಕೂಗೋವರ್ಗೂ ಕಾಯ್ತಾನಾ ಅವ್ನು?"

ಕುಟ್ಟಪ್ಪ ತಲೆ ಕೆರೆದುಕೊಂಡ. ಹೌದು, ನಿಜವನ್ನು ತೋರಿಸುವ ದಾರಿ ಒಂದೇ ಇತ್ತು, ಆ ದಾರಿ ಹಿಡಿದವರೇ ಕಳ್ಳರಾಗುತ್ತಿದ್ದರು. ದಿನವೂ ನಾಲ್ಕೂವರೆಗೆ ಹಕ್ಕಿ ಕೂಗುತ್ತಿತ್ತು, ಹೆಂಗಸರು ಬಾಯಿ ಮುಚ್ಚುತ್ತಿದ್ದರು, ಮ್ಯಾನೇಜರು ಬಂದು ಬೆತ್ತದ ತುದಿಯಿಂದ ಅವಳನ್ನು ತೋರಿಸಿ "ಇನ್ನೂ ಆರು ದಿನ", "ಇನ್ನೂ ಐದು ದಿನ" ಎನ್ನುತ್ತಿದ್ದ. ಅವಳು ನಾಣಯ್ಯನ ಜೊತೆ ಮಾತು ಬಿಟ್ಟಳು. ಅವನು ಒಮ್ಮೆ ಹತ್ತಿರ ಬಂದು, "ನಾನೆಂತ ಮಾಡ್ಲಿ ಮಾರಾಯ್ತಿ? ಕೇಳಿದ್ರು, ಹೇಳಿದೆ," ಎಂದ.

"ಹಾಲಕ್ಕಿ ವಿಸ್ಯ ನಿಮ್ಗೂ ಗೊತ್ತಿತ್ತು ರೈಟ್ರೇ. ಅದನ್ನ ಹೇಳ್ಳಿಲ್ಲ. ಸುಳ್ಳಿ ಅನ್ನೋದನ್ನ ಹೇಳ್ಕೊಟ್ರಿ."

ನಾಣಯ್ಯನಿಗೆ ನಾಲ್ಕು ಮಕ್ಕಳು; ಹೊಸ ಕಂಪನಿ ಯಾರನ್ನು ಉಳಿಸಿಕೊಳ್ಳುತ್ತದೋ ಯಾರನ್ನು ಬಿಡುತ್ತದೋ ಎಂದು ಇನ್ನೂ ಗೊತ್ತಾಗಿರಲಿಲ್ಲ. ಅವನು ಆಫೀಸಿನ ಕಡೆ ತಿರುಗಿದ.

ತಿಂಗಳ ಕೊನೆಯ ದಿನ ಬೆಳಗ್ಗೆಯಿಂದಲೇ ಸೆಕೆ. ಹೂಮಳೆ ಒಂದು ವಾರ ಮುಂಚೆಯೇ ಬರುವ ಹಾಗಿತ್ತು. ಗಿಡದ ಹೂವಿಗೆ ಅದು ಅಮೃತ, ಕಣದ ಕಾಫಿಗೆ ವಿಷ. ಒಂದು ಗಂಟೆಯ ಹೊತ್ತಿಗೆ ಪಡುವಣದಲ್ಲಿ ಕಪ್ಪು ಎದ್ದಿತು. ಕಣದ ತುಂಬ ಒಂದು ವಾರ ಒಣಗಿದ ಚೆರಿ, ಸಿಪ್ಪೆ ಸುಲಿಯದ ಕಾಫಿಹಣ್ಣು. ದೊಡ್ಡಿ ಗುಡ್ಡೆ ಮಾಡಿಸಲು ಬಾಯಿ ತೆರೆಯುವ ಹೊತ್ತಿಗೆ ಆಫೀಸಿನ ಗಂಟೆ ಹೊಡೆಯಿತು. ಮ್ಯಾನೇಜರು ಕುಯ್ಲಿನವರನ್ನೂ ಪಲ್ಪರ್ ಮನೆಯವರನ್ನೂ ಗಾಡಿಯವರನ್ನೂ ಕಣದ ಅಂಚಿಗೆ ಕರೆಸಿದ್ದ. ಎಲ್ಲರಿಗೂ ಪಾಠವಾಗಲಿ ಎಂಬುದು ಅವನ ಎಣಿಕೆ.

"ಈ ಕಣದಲ್ಲಿ ಒಂದು ಆಟ ನಡೀತಾ ಇದೆ," ಎಂದು ಶುರುಮಾಡಿದ. ಗೊತ್ತಿದ್ದಷ್ಟು ಕನ್ನಡದಲ್ಲಿ ತಾನೇ ಹೇಳಿದ, ಗೊತ್ತಿಲ್ಲದ್ದನ್ನು ನಾಣಯ್ಯನಿಂದ ಹೇಳಿಸಿದ. "ನಾನು ಬರುವಾಗ ಸಿಗ್ನಲ್ ಕೊಡ್ತಾರೆ. ಯಾರು ಅಂತ ಯಾರೂ ಹೇಳಲ್ಲ. ಎಂಥ ಸಿಗ್ನಲ್ ಅಂತ ನಿಮಗೆ ಗೊತ್ತಿಲ್ಲವಾ? ನಾನು ತೋರಿಸ್ತೇನೆ."

ಎರಡು ವಾರದಿಂದ ಆ ಸದ್ದು ಅವನ ತಲೆಯಲ್ಲೇ ಕೂತಿತ್ತಿರಬೇಕು. ತುಟಿ ಕೂಡಿಸಿ ಸಿಳ್ಳು ಹಾಕಿದ. ಮೊದಲು ಬಿಟ್ಟು ಬಿಟ್ಟು, ಆಮೇಲೆ ಬಿರುಸಾಗಿ, ಏರುತ್ತ ಏರುತ್ತ. ಚೆನ್ನಾಗಿಯೇ ಹಾಕಿದ.

ಅತ್ತಿಮರದಿಂದ ಉತ್ತರ ಬಂತು.

ಅವನದರ ಎರಡರಷ್ಟು ಜೋರಾಗಿ ಬಂತು. ಕಣದ ಹೆಂಗಸರು, ಕುಯ್ಲಿನವರು, ಗಾಡಿಯವರು ಎಲ್ಲ ಒಟ್ಟಿಗೆ ಬಾಯಿ ಮುಚ್ಚಿ ತಲೆ ತಗ್ಗಿಸಿದರು. ನೂರಿಪ್ಪತ್ತು ಜನ, ಒಂದು ತುಟಿಯೂ ಅಲ್ಲಾಡಲಿಲ್ಲ. ಮ್ಯಾನೇಜರು ಒಬ್ಬೊಬ್ಬರ ಬಾಯನ್ನೂ ನೋಡಿದ. ಮೋಡದ ಕತ್ತಲಿಗೆ ಮೊದಲೇ ಕೆರಳಿದ್ದ ಹಕ್ಕಿ ಪೊಟರೆಯಿಂದ ಹೊರಬಂದು, ಅವನ ತಲೆಯ ಮೇಲಿನ ಬೋಳುಕೊಂಬೆಯಲ್ಲಿ ಕೂತು, ಗಂಟಲು ಉಬ್ಬಿಸಿ ಇನ್ನೊಮ್ಮೆ ಕೂಗಿತು. ಈ ಸಲ ಅದು ಕೂಗುವುದನ್ನು ಅವನು ಕಣ್ಣಿಂದಲೇ ನೋಡಿದ. ಮುಷ್ಟಿಯಷ್ಟೇ ಇತ್ತು.

ಕೂಗು ಮುಗಿಯಿತು. ಎಲ್ಲೋ ಹಿಂದಿನಿಂದ ಗಾಡಿಯವನೊಬ್ಬ ಕೆಮ್ಮಿದ. ಅದು ಕೆಮ್ಮಲ್ಲ ನಗು ಎಂದು ಎಲ್ಲರಿಗೂ ಗೊತ್ತಾಯಿತು. ಮ್ಯಾನೇಜರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, "ಸರಿ, ಸರಿ. ಕೆಲಸಕ್ಕೆ ಹೋಗಿ. ಮಳೆ ಬರ್ತದೆ," ಎಂದು ತಿರುಗಿದ.

ಹೆಂಗಸರು ಗೋರೆ ಎತ್ತಿಕೊಂಡರು. ದೊಡ್ಡಿ ತನ್ನದನ್ನು ನೆಲಕ್ಕೆ ಹಾಕಿದಳು.

"ಯಾರೂ ಮುಟ್ಟಬ್ಯಾಡಿ."

ಕಣದಲ್ಲಿ ಅವಳ ಮಾತೇ ಮಾತು. ಇಪ್ಪತ್ತು ಕೈಗಳೂ ನಿಂತವು. ಪಡುವಣದಿಂದ ತಣ್ಣನೆ ಗಾಳಿ ಬಂದು ಟಾರ್ಪಾಲಿನ ಅಂಚನ್ನು ಎಬ್ಬಿಸಿತು.

ನಾಣಯ್ಯ ಓಡಿಬಂದ. "ಎಂತ ಇದು ದೊಡ್ಡಿ? ಹುಚ್ಚಾ ನಿಂಗೆ? ಕಾಫಿ ನೆನೀತದೆ!"

"ನೆನೀಲಿ. ನನ್ನ ಮಾತು ನೆಂದು ಹನ್ನೊಂದು ದಿನ ಆಯ್ತು. ಅದನ್ನ ಮುಚ್ಚಕ್ಕೆ ಯಾರ್ ಬಂದ್ರಿ?"

ಮ್ಯಾನೇಜರು ತಿರುಗಿ ನಿಂತ. ನಾಣಯ್ಯ ಇಂಗ್ಲಿಷಿನಲ್ಲಿ ಏನೋ ಹೇಳಿದ. ಅವನು ಕೈಬೀಸಿ, "ಆಯ್ತು, ಗೂಬೆ ಇದೆ. ನೋಡಿದೆ. ಇನ್ನೇನು ಬೇಕು? ಕಣ ನಿನ್ನದೇ. ಕೆಲಸ ಮಾಡು," ಎಂದ.

"ಕಣ ನೀವ್ ಕೊಡೋದಲ್ಲ. ನೀವ್ ಬರೋಕ್ ಮುಂಚೆನೂ ನಂದೇ ಇತ್ತು." ದೊಡ್ಡಿಯ ದನಿ ಲೈನಿನವರೆಗೂ ಹೋಯಿತು. "ಇಷ್ಟ್ ಜನರ ಎದುರು ಒಂದು ಮಾತಂದ್ರಿ. ಅದನ್ನ ಇಷ್ಟ್ ಜನರ ಎದುರೇ ವಾಪಸ್ ತಗೊಳಿ."

ಅವನ ಕಿವಿ ಮತ್ತೆ ಕೆಂಪಾಯಿತು. ಇಂಗ್ಲಿಷಿನಲ್ಲಿ ಒಂದೆರಡು ಪದ ಅಂದ. ನಾಣಯ್ಯ, "ಸಾರಿ ಅಂದ್ರು ದೊಡ್ಡಿ, ತಪ್ಪಾಯ್ತು ಅಂತ. ಸಾಕಲ್ಲ ಇನ್ನು," ಎಂದ.

"ಬೈದಿದ್ದು ಇಂಗ್ಲೀಸಲ್ಲ. ಕನ್ನಡದಾಗೆ ಬೈದ್ರು, ಕನ್ನಡದಾಗೇ ಹೇಳ್ಲಿ. ಗೊತ್ತಿಲ್ದಿದ್ರೆ ಅವತ್ತು ಹೇಳ್ಕೊಟ್ರಲ್ಲ, ಇವತ್ತೂ ಹೇಳ್ಕೊಡಿ ರೈಟ್ರೇ."

ಮೊದಲ ಹನಿ ಬಿತ್ತು. ಕಾಸಿನಗಲದ ಹನಿ, ಚೆರಿಯ ಮೇಲೆ ಪಟ್ಟೆಂದಿತು. ದೊಡ್ಡಿಗೆ ಅದು ಮೈಮೇಲೆ ಬಿದ್ದ ಹಾಗಾಯಿತು. ಹದಿನಾರು ವರ್ಷದಲ್ಲಿ ಅವಳ ಕಣ ನೆಂದದ್ದಿಲ್ಲ. ಜ್ವರ ಬಂದಾಗಲೂ, ಮಗಳ ಮದುವೆಯ ಹಿಂದಿನ ದಿನವೂ ಮೋಡ ಕಂಡರೆ ಓಡಿಬಂದವಳು. ಕಾಲು ತಾನಾಗಿಯೇ ಎದ್ದಿತು. ಅದನ್ನು ನೆಲಕ್ಕೊತ್ತಿ ನಿಲ್ಲಿಸಿಕೊಂಡಳು. ಎರಡನೆಯದು ಬಿತ್ತು, ಮೂರನೆಯದು ಬಿತ್ತು. ಜವರಿ ಅವಳ ಮಗ್ಗುಲಿಗೆ ಬಂದು ನಿಂತಳು. ತನ್ನ ಗೋರೆಯನ್ನೂ ನೆಲಕ್ಕೆ ಹಾಕಿದಳು. ಅವಳ ಹಿಂದೆ ಒಂದೊಂದಾಗಿ ಮಿಕ್ಕ ಗೋರೆಗಳೂ ಬಿದ್ದವು.

ಮ್ಯಾನೇಜರು ಆಕಾಶ ನೋಡಿದ, ಕಣ ನೋಡಿದ, ನಾಣಯ್ಯನ ಕಡೆ ಬಾಗಿ ಕೇಳಿದ. ನಾಣಯ್ಯ ಈ ಸಲ ತುಟಿಯಲ್ಲಿ ಹೇಳಲಿಲ್ಲ. ಎಲ್ಲರಿಗೂ ಕೇಳುವ ಹಾಗೆ, ಬಿಡಿಸಿ ಬಿಡಿಸಿ ಹೇಳಿಕೊಟ್ಟ.

"ದೊಡ್ಡಿ ಸುಳ್ಳಿ ಅಲ್ಲ," ಎಂದ ಮ್ಯಾನೇಜರು.

"ಆ ಕಡೇರ್ಗೆ ಕೇಳ್ಳಿಲ್ಲ."

"ದೊಡ್ಡಿ ಸುಳ್ಳಿ ಅಲ್ಲ! ಅವಳು ಹೇಳಿದ್ದು ನಿಜ!"

ದೊಡ್ಡಿ ಬಗ್ಗಿ ಗೋರೆ ಎತ್ತಿಕೊಂಡಳು. "ಮೂಡಣದಿಂದ ಎಳೀರಿ! ಟಾರ್ಪಾಲು ಬಿಚ್ರೋ! ಏನ್ ಬಾಯ್ ಬಿಟ್ಕೊಂಡ್ ನಿಂತಿದ್ದೀರ, ಗಾಡಿಯವ್ರೇ, ನಿಮ್ಗೇನ್ ಬೇರೆ ಹೇಳ್ಬೇಕಾ?" ಕುಯ್ಲಿನವರೂ ಗಾಡಿಯವರೂ ನುಗ್ಗಿದರು. ಕುಟ್ಟಪ್ಪ ಟಾರ್ಪಾಲಿನ ಮೇಲೆ ಹಾರಿ ಮಲಗಿದ. ಮಳೆ ಪೂರ್ತಿ ಇಳಿಯುವಷ್ಟರಲ್ಲಿ ಮುಕ್ಕಾಲು ಕಣ ಮುಚ್ಚಿತ್ತು. ಪಡುವಣ ಮೂಲೆಯ ಒಂದು ಪಾಲು ಉಳಿದುಹೋಯಿತು. ಅದರ ಮೇಲೆ ನೀರು ಹರಿದು, ಚೆರಿ ತೇಲುವುದನ್ನು ದೊಡ್ಡಿ ತೊಯ್ದುಕೊಂಡೇ ನೋಡಿದಳು. ಜವರಿ ಅವಳ ತೋಳು ಹಿಡಿದು ಎಳೆದಾಗ ಕೊಡವಿದಳು.

"ಇವತ್ತು ಗೋರೆ ಬಿಸಾಕಿದ್ಯಲ್ಲ, ಅವತ್ತೇ ಬಾಯಿ ಬಿಟ್ಟಿದ್ರೆ ಈ ಕಾಫಿ ಉಳೀತಿತ್ತು," ಅಂದಳು.

ಮಾರನೆಯ ಬೆಳಗ್ಗೆ ಬಿಸಿಲು ಚುರುಕಾಗಿತ್ತು. ನೆಂದ ಪಾಲನ್ನು ದೊಡ್ಡಿ ಬೇರೆಯಾಗಿ, ಬೆರಳಷ್ಟು ತೆಳ್ಳಗೆ ಹರಡಿ, ಗಳಿಗೆಗೊಮ್ಮೆ ಕೆದಕುತ್ತಿದ್ದಳು. ಯಾರನ್ನೂ ಹತ್ತಿರ ಸೇರಿಸಿರಲಿಲ್ಲ. ಮ್ಯಾನೇಜರು ಬಂದ. ಬೆತ್ತವನ್ನು ಎರಡೂ ಕೈಯಲ್ಲಿ ಬೆನ್ನ ಹಿಂದೆ ಹಿಡಿದುಕೊಂಡಿದ್ದ. ಸುಬ್ಬ ಮಣೆಯಿಂದ ಎದ್ದು ನಿಂತ.

"ಇದು ಒಣಗಲು ಎಷ್ಟು ದಿನ?"

ದೊಡ್ಡಿ ತಲೆ ಎತ್ತಲಿಲ್ಲ. ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಕುಲುಕಿದಳು. ಸದ್ದಿಲ್ಲ. "ಆರು ದಿನ. ಬಣ್ಣ ಕೆಡ್ತದೆ. ವಾಸನೇನೂ ಒಸಿ ಬತ್ತದೆ. ಒಳ್ಳೇದರ ಜೊತೆ ಬೆರಸಬ್ಯಾಡಿ, ಬೇರೆ ಮೂಟೆ ಕಟ್ಸಿ. ಬೇಕಿದ್ರೆ ಸುಬ್ಬನ್ನೂ ಕೇಳಿ."

ಮ್ಯಾನೇಜರು ಸುಬ್ಬನನ್ನು ನೋಡಿದ. ಸುಬ್ಬ ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡಾಗಿತ್ತು.

"ಆರು ದಿನ," ಎಂದ ಮ್ಯಾನೇಜರು. ಸುಬ್ಬನಿಗೆ ಪಲ್ಪರ್ ಮನೆಯ ಕಡೆ ಕೈ ತೋರಿಸಿ, ತಾನೂ ಹೊರಟ.

ದೊಡ್ಡಿ ಗೋರೆಯನ್ನು ತಿರುಗಿಸಿ ಹಿಡಿದು, ಇನ್ನೊಂದು ಸಾಲು ಎಳೆದಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಇಳಿಸಿಕೊಳ್ಳುವ ಅವಸರವೂ ಅವಳಿಗೆ ಇರಲಿಲ್ಲ.